ಈಶ್ವರಚಂದ್ರ ವಿದ್ಯಾಸಾಗರರು



ನಮ್ಮ ನಗರದ ಕಾಲೇಜು ಚೌಕದಲ್ಲಿ ವಿದ್ಯಾಸಾಗರರ ಪ್ರತಿಮೆಯನ್ನು ನೀವು ನೋಡಿರುವಿರಿ. ಹೂಗ್ಲಿ ನದಿಯ ಮೇಲೆ 1992ರಲ್ಲಿ ಸಂಚಾರಕ್ಕೆ ತೆರೆದ ದೊಡ್ಡ ಸೇತುವೆಗೂ ಅವರ ಹೆಸರೇ. ಕೆಲವು ಮಕ್ಕಳಿಗೆ ಪಾಠವೆಂದರೆ ಹುಮ್ಮಸ್ಸು, ಕೆಲವರಿಗೆ ಬೇಸರ. ಇದಕ್ಕೆ ಕಾರಣವೇನೆಂದು ಉಪಾಧ್ಯಾಯರಾದ ನಾವು ಪದೇ ಪದೇ ಯೋಚಿಸುತ್ತೇವೆ. ಈ ಪ್ರಶ್ನೆಗೆ ಶಿಕ್ಷಣಶಾಸ್ತ್ರದ ಗ್ರಂಥಗಳಲ್ಲಿ ಉತ್ತರವನ್ನು ಅರಸುವುದಕ್ಕಿಂತ ಈ ಮಹನೀಯರ ಬಾಳನ್ನು ಅವಲೋಕಿಸುವುದೇ ಲೇಸೆಂದು ನನ್ನ ಎಣಿಕೆ.

ಈಶ್ವರಚಂದ್ರರು 1820ನೆಯ ಇಸವಿ ಸೆಪ್ಟೆಂಬರ್ 26ರಂದು ವೀರಸಿಂಹ ಎಂಬ ಗ್ರಾಮದಲ್ಲಿ ಜನಿಸಿದರು. ತಂದೆ ಠಾಕೂರದಾಸ ಬಂದ್ಯೋಪಾಧ್ಯಾಯರು, ತಾಯಿ ಭಗವತೀದೇವಿ. ಮಗು ಹುಟ್ಟಿದ ದಿನ ಸಂತೆಯಿಂದ ಹಿಂದಿರುಗುತ್ತಿದ್ದ ಠಾಕೂರದಾಸರಿಗೆ, ಮನೆಯಲ್ಲಿ ಹೋರಿಗರು ಹುಟ್ಟಿದೆಯೆಂದು ಅಜ್ಜ ಹಾಸ್ಯವಾಗಿ ತಿಳಿಸಿದರು. ಅದನ್ನು ನಂಬಿ ಅವರು ಕೊಟ್ಟಿಗೆಯ ಕಡೆಗೆ ಹೊರಟಾಗ, ಅಜ್ಜ ನಗುತ್ತ ಬಾಣಂತಿಯ ಕೋಣೆಯನ್ನು ತೋರಿಸಿದರು. ಆ ಮಾತು ಸುಳ್ಳಾಗಲಿಲ್ಲ. ಹುಡುಗ ಬಲು ಹಟಮಾರಿಯಾಗಿ ಬೆಳೆದನು. ಸ್ನಾನ ಮಾಡೆಂದರೆ ಮಾಡನು. ಇಂದು ಸ್ನಾನ ಬೇಡವೆಂದರೆ ಆಗ ಮಾಡುವನು!

ಅವರದು ಕಡುಬಡತನದ ಮನೆ. ಅಜ್ಜಿಯು ನೂಲು ತೆಗೆದು ಸಂಸಾರ ಸಾಗಿಸಿದ್ದಳು. ಆಕೆಯ ಕಷ್ಟವನ್ನು ನೋಡಲಾರದೆ ಠಾಕೂರದಾಸರು ಬಾಲ್ಯದಲ್ಲಿಯೇ ಕೆಲಸವನ್ನರಸಿ ಕಲಕತ್ತೆಗೆ ಬಂದವರು. ಒಂದು ದಿನ ಹಸಿವಿನಿಂದ ಬಳಲಿ ಠಂಠನಿಯಾದ ಅಂಗಡಿಯೊಂದರ ಮುಂದೆ ನಿಂತಿದ್ದ ಅವರಿಗೆ, ಅಂಗಡಿಯ ವಿಧವೆಯೊಬ್ಬಳು ಮಂಡಕ್ಕಿ ಮೊಸರು ಕೊಟ್ಟು ಹೊಟ್ಟೆ ತುಂಬಿಸಿದಳು. ಮೊದಲು ಅವರಿಗೆ ದೊರೆತ ಸಂಬಳ ತಿಂಗಳಿಗೆ 2 ರೂಪಾಯಿ. ನಿಮ್ಮಲ್ಲಿ ಅನೇಕರ ಹಿರಿಯರೂ ಜೀವನೋಪಾಯಕ್ಕಾಗಿ ಕನ್ನಡ ನಾಡನ್ನು ಬಿಟ್ಟು ಈ ನಗರಕ್ಕೆ ಬಂದವರಾದುದರಿಂದ, ಈ ಸಂಗತಿಯನ್ನು ನಿಮಗೆ ಹೆಚ್ಚು ವಿವರಿಸಬೇಕಾಗಿಲ್ಲ.

1828ರಲ್ಲಿ ಎಂಟು ವರ್ಷದ ಮಗನನ್ನು ಕರೆದುಕೊಂಡು ಠಾಕೂರದಾಸರು ಕಾಲ್ನಡಿಗೆಯಲ್ಲಿ ಕಲಕತ್ತೆಗೆ ಹೊರಟರು. ಜೊತೆಯಲ್ಲಿ ಊರಿನ ಪಾಠಶಾಲೆಯ ಗುರುಗಳಾದ ಕಾಲೀಕಾಂತರೂ ಇದ್ದರು. ಹೆದ್ದಾರಿಯ ಪಕ್ಕದಲ್ಲಿ ನೆಟ್ಟಿದ್ದ ಕಲ್ಲೊಂದನ್ನು ಕಂಡು ಬಾಲಕನು, ಮಸಾಲೆ ಅರೆಯುವ ಕಲ್ಲನ್ನು ಇಲ್ಲೇಕೆ ನೆಟ್ಟಿದ್ದಾರೆಂದು ಕೇಳಿದನು. ಅದು ಮೈಲುಗಲ್ಲೆಂದೂ, ಅದರ ಮೇಲೆ ಇಂಗ್ಲಿಷಿನಲ್ಲಿ 19 ಎಂದು ಕೊರೆದಿದೆಯೆಂದೂ ತಂದೆ ಹೇಳಿದರು. ಆಗ ಬಾಲಕನಿಗೆ ಎಲ್ಲಿಲ್ಲದ ಕುತೂಹಲ ಹುಟ್ಟಿತು. ಒಂದೊಂದು ಕಲ್ಲು ಬಂದಾಗಲೂ ಓಡಿಹೋಗಿ ಅಂಕಿಯ ಮೇಲೆ ಕೈಯಾಡಿಸಿ ಗುರುತು ಹಿಡಿಯುತ್ತ, 10ರ ಕಲ್ಲು ಬರುವ ವೇಳೆಗೆ ಇಂಗ್ಲಿಷ್ ಅಂಕಿಗಳೆಲ್ಲ ಬಂದುವೆಂದು ಸಾರಿದನು. ತಂದೆಗೆ ಸಂಶಯ, ಒಂದೊಂದೇ ಕಡಿಮೆಯಾಗುವ ಲೆಕ್ಕವನ್ನು ಹಿಡಿದು ಹುಡುಗ ಊಹಿಸುತ್ತಿರಬಹುದಲ್ಲವೆ? ಆದುದರಿಂದ ಆರನೆಯ ಕಲ್ಲು ಅವನ ಕಣ್ಣಿಗೆ ಬೀಳದಂತೆ ಉಪಾಯವಾಗಿ ದಾಟಿಸಿ, ಐದನೆಯದನ್ನು ತೋರಿಸಿ ಕೇಳಿದರು. ಬಾಲಕನು ಅದನ್ನು ದಿಟ್ಟಿಸಿ ನೋಡಿ, ಕಲ್ಲು ಕೊರೆದವರು ತಪ್ಪಿದ್ದಾರೆ, 6 ಇರಬೇಕಾದಲ್ಲಿ 5 ಎಂದು ಕೆತ್ತಿದ್ದಾರೆಂದು ಉತ್ತರಿಸಿದನು. ಹಿರಿಯರೆಲ್ಲರೂ ಆನಂದಭರಿತರಾದರು.

ಆ ದಾರಿಯಲ್ಲಿ ಬೆತ್ತವಿರಲಿಲ್ಲ, ಬಹುಮಾನವಿರಲಿಲ್ಲ, ಪರೀಕ್ಷೆಯ ಭಯವಿರಲಿಲ್ಲ. ಕಾಲುನೋವಿನ ನಡುವೆಯೂ ಮುಂದಿನ ಕಲ್ಲಿಗಾಗಿ ಕಾಯುವ ಆತುರವೊಂದೇ ಇತ್ತು.

ನಗರದಲ್ಲಿ ಮಾತ್ರ ಬೇರೆ ಬಗೆಯ ಬಾಳು. ಬಡಾಬಜಾರದಲ್ಲಿ ಸಿಂಹ ಮನೆತನದವರ ಮನೆಯಲ್ಲಿ ತಂದೆ ಮಕ್ಕಳಿಗೆ ಆಶ್ರಯ ದೊರೆಯಿತು. 1829ರ ಜೂನ್ 1ರಂದು ಈಶ್ವರಚಂದ್ರನು ಸಂಸ್ಕೃತ ಕಾಲೇಜನ್ನು ಸೇರಿದನು. ಅಡಿಗೆ ಮಾಡುವುದು, ಪಾತ್ರೆ ಬೆಳಗುವುದು, ಮುಂದೆ ತಮ್ಮಂದಿರು ಬಂದ ಮೇಲೆ ಅವರಿಗೆ ಉಣಬಡಿಸುವುದು, ಇವುಗಳ ನಡುವೆ ಓದು. ತಂದೆ ರಾತ್ರಿ ಮನೆಗೆ ಬಂದಾಗ ಮಗನು ತೂಕಡಿಸುತ್ತಿದ್ದರೆ ನಿರ್ದಯವಾಗಿ ಹೊಡೆಯುತ್ತಿದ್ದರು. ಸಿಂಹರ ಮನೆಯ ರಾಯಮಣಿ ಎಂಬ ವಿಧವೆಯು ಅವನನ್ನು ಹೆತ್ತ ಮಗನಂತೆ ಕಂಡಳು. ಆಕೆಯ ವಾತ್ಸಲ್ಯವನ್ನು ಅವರು ಕೊನೆಯವರೆಗೂ ನೆನೆಯುತ್ತಿದ್ದರು. ಹೊಡೆತದಿಂದಲೇ ಅವರು ಪಂಡಿತರಾದರೆಂದು ಹೇಳುವವರುಂಟು. ನಾನು ಅದನ್ನು ಒಪ್ಪಲಾರೆ. ಕಾರಣವನ್ನು ಅವರ ಮುಂದಿನ ಬಾಳೇ ಹೇಳುವುದು.

ಬೀದಿಯ ಅನಿಲದೀಪದ ಬೆಳಕಿನಲ್ಲಿ ಅವರು ಓದಿದರೆಂಬ ಕಥೆಯನ್ನು ನೀವು ಕೇಳಿರಬಹುದು. ಕಲಕತ್ತೆಯ ಬೀದಿಗಳಿಗೆ ಅನಿಲದೀಪ ಬಂದುದು 1857ರಲ್ಲಿ. ಆ ವೇಳೆಗೆ ಅವರು ಕಾಲೇಜಿನ ಪ್ರಾಂಶುಪಾಲರಾಗಿದ್ದರು! ಬೀದಿಯಲ್ಲಿ ಓದಿದ್ದರೆ ಎಣ್ಣೆಯ ದೀಪದಲ್ಲಿ ಓದಿರಬೇಕು. ಕಥೆ ಹೇಗೇ ಇರಲಿ, ಅವರಿಗೆ ತಿಂಗಳಿಗೆ 5 ರೂಪಾಯಿ ವಿದ್ಯಾರ್ಥಿವೇತನ ದೊರೆತುದು ನಿಜ. 1839ರಲ್ಲಿ ಹಿಂದೂ ಧರ್ಮಶಾಸ್ತ್ರದ ಪರೀಕ್ಷೆಯಲ್ಲಿ ತೇರ್ಗಡೆಯಾದಾಗ ಪ್ರಮಾಣಪತ್ರದಲ್ಲಿ ಅವರ ಹೆಸರಿನ ಮುಂದೆ ವಿದ್ಯಾಸಾಗರ ಎಂಬ ಬಿರುದು ಸೇರಿತ್ತು. 1841ರ ಕೊನೆಯಲ್ಲಿ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ 50 ರೂಪಾಯಿ ಸಂಬಳದ ಕೆಲಸ ಸಿಕ್ಕಿದೊಡನೆ, ತಂದೆಯಿಂದ ಚಾಕರಿ ಬಿಡಿಸಿ ಊರಿಗೆ ಕಳುಹಿಸಿ, ಪ್ರತಿ ತಿಂಗಳೂ ಹಣವನ್ನು ಕಳುಹಿಸತೊಡಗಿದರು.

ವಿದ್ಯಾರ್ಥಿಯಾಗಿ ತಾವು ಪಟ್ಟ ಪಾಡನ್ನು ಅವರು ಮರೆಯಲಿಲ್ಲ. ಮುಗ್ಧಬೋಧವೆಂಬ ಕ್ಲಿಷ್ಟವಾದ ವ್ಯಾಕರಣವನ್ನು ಅವರು ವರ್ಷಗಟ್ಟಲೆ ಕಂಠಪಾಠ ಮಾಡಬೇಕಾಗಿತ್ತು. ಎಳೆಯ ಮಕ್ಕಳಿಗೆ ಅದರ ಅರ್ಥವಾಗುವ ಮಾತೆಲ್ಲಿ? ಮುಂದೆ ರಾಜಕೃಷ್ಣರೆಂಬ ಸ್ನೇಹಿತರು ಸಂಸ್ಕೃತವನ್ನು ಕಲಿಯಬಯಸಿದಾಗ, ವಿದ್ಯಾಸಾಗರರು ವ್ಯಾಕರಣದ ಸಾರವನ್ನು ಬಂಗಾಳಿಯಲ್ಲಿ ಸುಲಭವಾಗಿ ಬರೆದು ಕಲಿಸಿದರು. ಆ ಸ್ನೇಹಿತರು ಸ್ವಲ್ಪ ಕಾಲದಲ್ಲಿಯೇ ಭಾಷೆಯನ್ನು ಕರಗತ ಮಾಡಿಕೊಂಡರು. ಅದೇ 1851ರಲ್ಲಿ ಉಪಕ್ರಮಣಿಕಾ ಎಂಬ ಪುಸ್ತಕವಾಗಿ ಹೊರಬಂದಿತು. ಅದೇ ವರ್ಷ ಸಂಸ್ಕೃತ ಕಾಲೇಜಿನ ಪ್ರಾಂಶುಪಾಲರಾದ ಅವರು, ಅದುವರೆಗೆ ಬ್ರಾಹ್ಮಣರಿಗೂ ವೈದ್ಯರಿಗೂ ಮಾತ್ರ ಇದ್ದ ಪ್ರವೇಶವನ್ನು ಕಾಯಸ್ಥರಿಗೂ, 1854ರಲ್ಲಿ ಇತರ ಹಿಂದೂ ಜಾತಿಯವರಿಗೂ ಕೊಡಿಸಿದರು. ಬಾಗಿಲು ಮುಚ್ಚಿರುವ ಶಾಲೆಯ ಮುಂದೆ ನಿಂತ ಹುಡುಗನಿಗೆ ಓದಿನಲ್ಲಿ ಆಸಕ್ತಿಯಿಲ್ಲವೆಂದು ದೂರುವುದು ನ್ಯಾಯವೆ?

1855ರಲ್ಲಿ ಪ್ರಕಟವಾದ ಅವರ ವರ್ಣಪರಿಚಯವನ್ನು ನಿಮ್ಮ ಬಂಗಾಳಿ ನೆರೆಹೊರೆಯ ಮಕ್ಕಳು ಬಲ್ಲರು. ಅದರಲ್ಲಿ ಅವರು ಬಂಗಾಳಿಯಲ್ಲಿ ಬಳಕೆಯಿಲ್ಲದ ದೀರ್ಘ ೠಕಾರವನ್ನು ಕೈಬಿಟ್ಟರು. ಕ್ಷಕಾರವು ಸಂಯುಕ್ತಾಕ್ಷರವೆಂದು ವ್ಯಂಜನಗಳ ಸಾಲಿನಿಂದ ತೆಗೆದರು. ನಮ್ಮ ಕನ್ನಡ ವರ್ಣಮಾಲೆಯಲ್ಲಿಯೂ ಈಗ ೠಕಾರವನ್ನು ಕಲಿಸುವುದು ಅಪರೂಪವಷ್ಟೆ. ಮೊದಲು ಅಕ್ಷರ, ಅನಂತರ ಚಿಕ್ಕ ಪದ, ಆಮೇಲೆ ಚಿಕ್ಕ ವಾಕ್ಯ, ಹೀಗೆ ಆ ಪುಸ್ತಕ ನಡೆಯುತ್ತದೆ. ಅದರಲ್ಲಿ ಗೋಪಾಲನೆಂಬ ವಿಧೇಯ ಬಾಲಕನೂ ರಾಖಾಲನೆಂಬ ತುಂಟನೂ ಬರುತ್ತಾರೆ. ವಿದ್ಯಾಸಾಗರರು ಬಾಲ್ಯದಲ್ಲಿ ಗೋಪಾಲನಿಗಿಂತ ರಾಖಾಲನನ್ನೇ ಹೆಚ್ಚು ಹೋಲುತ್ತಿದ್ದರೆಂದು ರವೀಂದ್ರನಾಥ ಠಾಕೂರರು ಗುರುತಿಸಿದ್ದಾರೆ. ನಮ್ಮ ತರಗತಿಯ ಕೆಲವರಿಗೆ ಇದು ಸಂತೋಷದ ಸುದ್ದಿಯಾಗಬಹುದು.

ವಿಧವಾ ವಿವಾಹಕ್ಕೆ 1856ರಲ್ಲಿ ಕಾನೂನಿನ ಬೆಂಬಲ ದೊರೆತುದು ಅವರ ಪರಿಶ್ರಮದಿಂದ. ಆ ಕಥೆಯೇ ಬೇರೆ. 1857ರ ನವೆಂಬರಿನಿಂದ 1858ರ ಮೇ ವರೆಗೆ ಅವರು ಹಳ್ಳಿಗಳಲ್ಲಿ 35 ಬಾಲಿಕಾ ಪಾಠಶಾಲೆಗಳನ್ನು ತೆರೆದರು. ಸುಮಾರು 1300 ಬಾಲಕಿಯರು ಸೇರಿದರು. ಸರ್ಕಾರವು ವೆಚ್ಚ ಕೊಡಲು ಹಿಂಜರಿಯಿತು. ಉಪಾಧ್ಯಾಯರ ಸಂಬಳದ ಹೊರೆ ವಿದ್ಯಾಸಾಗರರ ಹೆಗಲಿಗೆ ಬಿದ್ದಿತು. ಅದೇ ವರ್ಷ ಅವರು ಸರ್ಕಾರಿ ಕೆಲಸಕ್ಕೆ ರಾಜೀನಾಮೆ ಕೊಟ್ಟರು.

ಅನಂತರ ಅವರು ಬೆಳೆಸಿದ ಸಂಸ್ಥೆ ಮೆಟ್ರೊಪಾಲಿಟನ್ ಇನ್‌ಸ್ಟಿಟ್ಯೂಷನ್. 1872ರಲ್ಲಿ ಅದು ಕಾಲೇಜಾಯಿತು. ಭಾರತೀಯ ಅಧ್ಯಾಪಕರೇ ಅಲ್ಲಿ ಇಂಗ್ಲಿಷನ್ನೂ ಬೋಧಿಸಿದರು. ಬಡಾಬಜಾರದಲ್ಲಿ ಅಷ್ಟೊಂದು ಏಟು ತಿಂದಿದ್ದ ಆ ಬಾಲಕನು ತನ್ನದೇ ಶಾಲೆಯನ್ನು ನಡೆಸುವ ಕಾಲ ಬಂದಾಗ ಮಾಡಿದ ನಿಯಮವೇನೆಂದರೆ, ವಿದ್ಯಾರ್ಥಿಗಳ ಮೇಲೆ ಯಾವ ಉಪಾಧ್ಯಾಯನೂ ಕೈಯೆತ್ತಕೂಡದು, ಬೆತ್ತವನ್ನು ಹಿಡಿಯಕೂಡದು. ಮಕ್ಕಳ ಮೇಲೆ ಕೈಮಾಡುವುದು ಉಪಾಧ್ಯಾಯರ ಹಕ್ಕೆಂದೇ ಜನ ತಿಳಿದಿದ್ದ ಕಾಲದಲ್ಲಿ ಈ ನಿಯಮ ನಡೆಯಿತು.

1891ರ ಜುಲೈ 29ರಂದು ಅವರು ಕಲಕತ್ತೆಯಲ್ಲಿ ಕಾಲವಾದರು. ಆ ಕಾಲೇಜಿಗೆ 1917ರಲ್ಲಿ ವಿದ್ಯಾಸಾಗರ ಕಾಲೇಜೆಂಬ ಹೆಸರಾಯಿತು. ಅದು ಈಗಲೂ ಈ ನಗರದಲ್ಲಿ ನಡೆಯುತ್ತಿದೆ.