ವಾಲ್ಟರ್ ಕಾಡೆನ್

ಜರ್ಮನಿಯ ಸ್ಯಾಕ್ಸನಿ ಪ್ರಾಂತದಲ್ಲಿ 1919ರಲ್ಲಿ ಜನಿಸಿದ ವಾಲ್ಟರ್ ಕಾಡೆನ್, 1953ರಲ್ಲಿ ಪೂರ್ವ ಜರ್ಮನಿಯ ಚೋಪಾವ್ ಪಟ್ಟಣದ ಮೋಟಾರ್‌ಸೈಕಲ್ ಕಾರ್ಖಾನೆಯ ಪಂದ್ಯವಿಭಾಗಕ್ಕೆ ಸೇರಿದನು. ಮುಂದೆ ಎಂ.ಜೆಡ್. ಎಂದು ಹೆಸರಾದ ಆ ಕಾರ್ಖಾನೆಯಲ್ಲಿ ಹಣವಾಗಲಿ, ಉತ್ತಮ ಸಾಮಗ್ರಿಯಾಗಲಿ ಹೇರಳವಾಗಿರಲಿಲ್ಲ.

ಟೂ-ಸ್ಟ್ರೋಕ್ ಎಂಜಿನ್ನಿನ ರಚನೆ ಸರಳವಾದುದು. ಆದರೆ ಅದರಲ್ಲಿ ಇಂಧನದ ಒಂದಂಶ ಉರಿಯುವ ಮೊದಲೇ ಹೊಗೆಯೊಡನೆ ಹೊರಹೋಗಿ ವ್ಯರ್ಥವಾಗುತ್ತಿತ್ತು. ಹೊಗೆಕೊಳವೆಯ ನಡುವನ್ನು ಉಬ್ಬಿಸಿ, ತುದಿಯನ್ನು ಕಿರಿದಾಗಿಸುವ ವಿಧಾನವನ್ನು ಕಾಡೆನ್ ಪ್ರಯೋಗಗಳಿಂದ ಪರಿಷ್ಕರಿಸಿದನು. ಹೊಗೆಯ ಒತ್ತಡದ ಅಲೆ ಕಿರಿದಾದ ಭಾಗಕ್ಕೆ ತಗುಲಿ ಹಿಂದಿರುಗಿ, ಹೊರಬಿದ್ದ ಇಂಧನವನ್ನು ಸಿಲಿಂಡರಿನೊಳಕ್ಕೆ ಮರಳಿ ತಳ್ಳಿತು. 1961ರಲ್ಲಿ ಅವನ 125 ಸಿ.ಸಿ. ಎಂಜಿನ್ 25 ಅಶ್ವಶಕ್ತಿಯನ್ನು ನೀಡಿತು.

ಅದೇ ವರ್ಷ ವಿಶ್ವ ಪ್ರಶಸ್ತಿಯ ಹೊಸ್ತಿಲಲ್ಲಿದ್ದ ಅವನ ಸವಾರ ಅರ್ನ್ಸ್ಟ್ ಡೆಗ್ನರ್, ಸ್ವೀಡನ್ನಿನ ಗ್ರ್ಯಾನ್ ಪ್ರೀ ಪಂದ್ಯಕ್ಕೆ ಹೋದವನು ಹಿಂದಿರುಗಲಿಲ್ಲ. ಎಂಜಿನ್ನಿನ ರಹಸ್ಯಗಳು ಜಪಾನಿನ ಸುಜುಕಿ ಸಂಸ್ಥೆಯ ಪಾಲಾದವು. 1962ರಲ್ಲಿ ಡೆಗ್ನರ್ ಸುಜುಕಿಯನ್ನೇರಿ 50 ಸಿ.ಸಿ. ವಿಶ್ವ ಪ್ರಶಸ್ತಿಯನ್ನು ಗೆದ್ದನು.

ಕಾಡೆನ್ ಚೋಪಾವ್‌ನಲ್ಲಿಯೇ ಉಳಿದು ದುಡಿದನು. ಎಂ.ಜೆಡ್.ಗೆ ಗ್ರ್ಯಾನ್ ಪ್ರೀ ವಿಶ್ವ ಪ್ರಶಸ್ತಿ ಒಲಿಯಲೇ ಇಲ್ಲ. 1996ರಲ್ಲಿ ಅವನು ಮರಣಹೊಂದಿದನು. ಆದರೆ 1975ರಿಂದ 2001ರವರೆಗೆ 500 ಸಿ.ಸಿ. ವಿಶ್ವ ಪ್ರಶಸ್ತಿಯನ್ನು ಗೆದ್ದುಕೊಟ್ಟ ವಾಹನಗಳೆಲ್ಲವೂ ಟೂ-ಸ್ಟ್ರೋಕ್ ಎಂಜಿನ್ನಿನವು. ಅವೆಲ್ಲಕ್ಕೂ ನಡು ಉಬ್ಬಿದ ಹೊಗೆಕೊಳವೆಯೇ ಬಲವಾಗಿತ್ತು.