ಬೇಟೆಗಾರ ಕೆನೆತ್ ಆಂಡರ್ಸನ್

ಚಿತ್ರದುರ್ಗ ಜಿಲ್ಲೆಯ ಗೌರಸಮುದ್ರ, ಮೊಳಕಾಲ್ಮೂರುಗಳ ಕಡೆ ಮಳೆ ಕಡಿಮೆ. ಅಲ್ಲಿ ಕಣ್ಣಿಗೆ ಬೀಳುವುದು ಜಾಲಿ, ಕಾರೆ ಮೊದಲಾದ ಕುರುಚಲು ಗಿಡಗಳು. ಬೇಟೆಗಾರನು ಹತ್ತಿ ಕೂರುವಂಥ ಹೆಮ್ಮರಗಳು ವಿರಳ. ಆದರೆ ಅದೇ ಜಿಲ್ಲೆಯ ನೈಋತ್ಯದಲ್ಲಿರುವ ಹೊಸದುರ್ಗ, ಹೊಳಲ್ಕೆರೆಗಳ ಸೀಮೆಯಲ್ಲಿ ಹಿಂದೊಮ್ಮೆ ನರಭಕ್ಷಕ ಹುಲಿಯೊಂದು ಜನರನ್ನು ನಡುಗಿಸಿತ್ತು. ಅದರ ಕಥೆಯನ್ನು ಬರೆದಿಟ್ಟವರು ಕೆನೆತ್ ಆಂಡರ್ಸನ್.

ಸ್ಕಾಟ್‌ಲೆಂಡ್ ಮೂಲದ ಮನೆತನದಲ್ಲಿ 1910ರಲ್ಲಿ ಹೈದರಾಬಾದಿನ ಬೊಲಾರಂನಲ್ಲಿ ಜನಿಸಿದ ಆಂಡರ್ಸನ್ನರು ಬೆಳೆದದ್ದು, ಓದಿದ್ದು, ಬಾಳಿದ್ದು ಬೆಂಗಳೂರಿನಲ್ಲಿ. ಅಂಚೆ ಮತ್ತು ತಂತಿ ಇಲಾಖೆಯಲ್ಲಿಯೂ ಅನಂತರ ವಿಮಾನ ಕಾರ್ಖಾನೆಯಲ್ಲಿಯೂ ಉದ್ಯೋಗ ಮಾಡಿದರು. ಬಿಡುವು ದೊರೆತೊಡನೆ ಅವರ ಕಾಲು ಕಾಡಿನತ್ತ ಎಳೆಯುತ್ತಿತ್ತು. ಕನ್ನಡವನ್ನು ಬಲ್ಲವರಾದ್ದರಿಂದ ಹಳ್ಳಿಗರೊಡನೆ ಅವರಿಗೆ ಸಲಿಗೆಯಿತ್ತು. ಪೂಜಾರಿ ಬುಡಕಟ್ಟಿನ ಬೈರನೆಂಬ ಬಡ ಬೇಡನನ್ನು ಅವರು ಜೀವದ ಗೆಳೆಯನೆಂದೇ ತಿಳಿದಿದ್ದರು.

ಬೇಟೆಯಲ್ಲಿ ಅಟ್ಟಣೆ ಕಟ್ಟುವುದೇ ಒಂದು ವಿದ್ಯೆ. ಇದನ್ನು ಮಚಾನು ಎಂದೂ ಕರೆಯುವರು. ಬೆಳೆ ಕಾಯಲು ನಮ್ಮ ರೈತರು ಹಾಕುವ ಅಟ್ಟಣೆಗೂ ಇದಕ್ಕೂ ಹೆಚ್ಚು ಭೇದವಿಲ್ಲ. ಜಿಂಕೆ, ಕಡವೆಗಳಿಗಾಗಿ ಕಾಯುವವರು ನೀರಿನ ಮಡುವಿನ ಬಳಿ ಮರವನ್ನು ಆರಿಸಿಕೊಳ್ಳುತ್ತಿದ್ದರು. ಹುಲಿಗಾಗಿ ಕಾಯುವವರು ಅದು ಕೊಂದು ಬಿಟ್ಟುಹೋದ ದನದ ಬಳಿ. ಮರ ಒಣಗಿದ್ದಾಗಿರಬಾರದು. ಕುಳಿತವನ ಬೆನ್ನ ಹಿಂದೆ ದಟ್ಟವಾದ ಎಲೆಗಳಿರಬೇಕು. ಇಲ್ಲವಾದರೆ ಆಕಾಶದ ಬೆಳಕಿಗೆ ಅವನ ಆಕಾರ ಎದ್ದು ಕಾಣುತ್ತದೆ. ಮರೆಗೆಂದು ಕಟ್ಟುವ ಸೊಪ್ಪು ಆ ಮರದ್ದೇ ಆಗಿದ್ದರೆ ಲೇಸು. ಎತ್ತರದಲ್ಲಿ ಕುಳಿತವನ ಮೈವಾಸನೆ ಪ್ರಾಣಿಯ ಮೂಗಿಗೆ ಬಡಿಯುವುದು ಕಡಿಮೆ. ಆದರೆ ಕೆಮ್ಮು, ಬೀಡಿಯ ಹೊಗೆ, ಸೊಳ್ಳೆ ಹೊಡೆಯುವ ಸದ್ದು ಇಡೀ ರಾತ್ರಿಯ ಕಾವಲನ್ನು ಹಾಳುಮಾಡಬಲ್ಲವು. ಮಂಚದ ಚೌಕಟ್ಟಿಗೆ ಪಟ್ಟಿ ಹೆಣೆದ ಹಗುರವಾದ ಅಟ್ಟಣೆಯೊಂದನ್ನು ಆಂಡರ್ಸನ್ನರು ಜೊತೆಗೇ ಒಯ್ಯುತ್ತಿದ್ದರು. ಮರಕ್ಕೆ ಹಗ್ಗದಿಂದ ಬಿಗಿದರೆ ಅದು ಕಿರುಗುಟ್ಟುತ್ತಿರಲಿಲ್ಲ. ಕತ್ತಲಲ್ಲಿ ಕಣ್ಣಿಗಿಂತ ಕಿವಿಯೇ ಮುಖ್ಯ. ಹುಲಿ ಹೊರಟಿತೆಂಬ ಸುದ್ದಿಯನ್ನು ಕಡವೆಯ ಕೂಗು, ಮುಸುವದ ಚೀರಾಟಗಳು ಮೊದಲೇ ತಿಳಿಸುತ್ತಿದ್ದವು.

ಅಟ್ಟಣೆಯ ಮೇಲಿದ್ದವನಿಗೆ ಜೀವಭಯ ಅಲ್ಪ. ಅಪಾಯ ಅಡಗಿದ್ದುದು ಅಲ್ಲಿಯೇ. ಅವಸರದ ಬೇಟೆಗಾರನು ಗುರಿ ತಪ್ಪಿ ಗಾಯಗೊಳಿಸಿ, ಬೆಳಗಾದ ಮೇಲೆ ಇಳಿದು ಮನೆಗೆ ಹೋಗಿಬಿಡುವನು. ಕಾಲು ಮುರಿದ ಹುಲಿಯೋ ಚಿರತೆಯೋ ಜಿಂಕೆಯನ್ನು ಅಟ್ಟಲಾರದೆ, ದನ ಕಾಯುವ ಹುಡುಗನ ಮೇಲೆ, ಸೌದೆಗೆ ಬಂದ ಹೆಂಗಸಿನ ಮೇಲೆ ಬೀಳುವುದು. ನರಭಕ್ಷಕಗಳು ಹುಟ್ಟಲು ಬಹುಮಟ್ಟಿಗೆ ಮನುಷ್ಯನ ಗುಂಡೇ ಕಾರಣವೆಂಬುದು ಆಂಡರ್ಸನ್ನರ ದೃಢವಾದ ನಂಬಿಕೆ. ಗುಮ್ಮಳಾಪುರದ ಚಿರತೆಯೊಂದೇ 42 ಜನರನ್ನು ಬಲಿ ತೆಗೆದುಕೊಂಡಿತ್ತು. ಗಾಯಗೊಂಡ ಮೃಗದ ರಕ್ತದ ಜಾಡು ಹಿಡಿದು ಕಾಲ್ನಡಿಗೆಯಲ್ಲಿ ಹೋಗಿ ಅದರ ನೋವನ್ನು ಕೊನೆಗಾಣಿಸುವುದು ಬೇಟೆಗಾರನ ಋಣವೆಂದು ಅವರು ಭಾವಿಸಿದ್ದರು. ಅದಕ್ಕೆ ಬೇಕಾದ ಧೈರ್ಯ ಮರದ ಮೇಲೆ ಕೂರುವ ಧೈರ್ಯವಲ್ಲ.

1939ರಿಂದ 1966ರವರೆಗೆ ಅವರು 8 ನರಭಕ್ಷಕ ಚಿರತೆಗಳನ್ನೂ 7 ಹುಲಿಗಳನ್ನೂ ಕೊಂದುದಾಗಿ ಸರ್ಕಾರದ ದಾಖಲೆ ಹೇಳುತ್ತದೆ. ನನಗೆ ಮೆಚ್ಚುಗೆಯಾಗುವುದು ಈ ಲೆಕ್ಕವಲ್ಲ, ಅವರ ಮನಸ್ಸು ತಿರುಗಿದ ಬಗೆ. ರಾತ್ರಿಯ ಹೊತ್ತು ದೀಪ ಬಿಟ್ಟು ಜಿಂಕೆಗಳನ್ನು ಸುಡುವ ಕಳ್ಳಬೇಟೆಯನ್ನು ಅವರು ಕಟುವಾಗಿ ಖಂಡಿಸಿದರು. ವಯಸ್ಸಾದಂತೆ ಕೋವಿಯನ್ನು ಬದಿಗಿಟ್ಟು ಕ್ಯಾಮೆರಾ ಹಿಡಿದರು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. ಎರಡು ವರ್ಷಗಳ ತರುವಾಯ, 1974ರ ಆಗಸ್ಟಿನಲ್ಲಿ, ಆಂಡರ್ಸನ್ನರು ಬೆಂಗಳೂರಿನಲ್ಲಿ ತೀರಿಕೊಂಡರು. ಅವರ ಕಥೆಗಳನ್ನು ಮುಂದೆ ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದರು.