ಕಚೇರಿಯಾಚೆಯ ಹೊತ್ತು

ಹೆಬ್ಬಾಳದಿಂದ ನಗರದ ಕಡೆಗೆ ಬರುವಾಗ, ಮೇಖ್ರಿ ವೃತ್ತದ ಬಳಿಯಿರುವ ರಾಮನ್ ಸಂಶೋಧನಾ ಸಂಸ್ಥೆಯ ಮರಗಳನ್ನು ಕಂಡಾಗಲೆಲ್ಲ ನನ್ನ ವಿದ್ಯಾರ್ಥಿಗಳ ಪ್ರಶ್ನೆಯೊಂದು ನೆನಪಾಗುತ್ತದೆ. ಹೊಟ್ಟೆಪಾಡಿಗೆ ಉದ್ಯೋಗ ಹಿಡಿದ ಮೇಲೆ ಮನಸ್ಸಿನ ಹಂಬಲಕ್ಕೆ ಗತಿಯೇನು?

ತಿರುಚಿರಾಪಳ್ಳಿಯಲ್ಲಿ 1888ರಲ್ಲಿ ಜನಿಸಿದ ಸಿ. ವಿ. ರಾಮನ್ನರು ಬಾಳಿಯೇ ಇದಕ್ಕೆ ಉತ್ತರ ಕೊಟ್ಟರು. 1907ರಲ್ಲಿ, 18ರ ಹರೆಯದಲ್ಲಿ, ಅವರು ಸರ್ಕಾರದ ಹಣಕಾಸು ಇಲಾಖೆಯ ಅಧಿಕಾರಿಯಾಗಿ ಕಲ್ಕತ್ತೆಗೆ ಹೋದರು. ಅಲ್ಲಿದ್ದಷ್ಟು ಕಾಲವೂ ಕಚೇರಿಗೆ ಮುನ್ನಿನ ಬೆಳಗು, ಕಚೇರಿಯ ನಂತರದ ಸಂಜೆ ವಿಜ್ಞಾನ ಸಂವರ್ಧನ ಸಂಘದ ಪ್ರಯೋಗಶಾಲೆಗೆ ಮೀಸಲಾದವು. 1917ರಲ್ಲಿ ಆ ದೊಡ್ಡ ಸಂಬಳವನ್ನು ತೊರೆದು, ಕಡಿಮೆ ವೇತನದ ಪ್ರಾಧ್ಯಾಪಕ ಪದವಿಯನ್ನು ಒಪ್ಪಿಕೊಂಡರು. ಬೆಳಕಿನ ಚದುರುವಿಕೆಯ ಹೊಸ ಪರಿಣಾಮವನ್ನು ಅವರು ಕಂಡದ್ದು 1928ರಲ್ಲಿ. ನೊಬೆಲ್ ಪಾರಿತೋಷಕ ಬಂದದ್ದು 1930ರಲ್ಲಿ. 1933ರಲ್ಲಿ ಬೆಂಗಳೂರಿಗೆ ಬಂದು ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. 1948ರಲ್ಲಿ, ಇತರರು ವಿಶ್ರಾಂತಿ ಬಯಸುವ ವಯಸ್ಸಿನಲ್ಲಿ, ಈ ಸಂಶೋಧನಾ ಸಂಸ್ಥೆಯನ್ನು ಕಟ್ಟಿದರು. 1970ರಲ್ಲಿ ಅವರ ಅಂತ್ಯಸಂಸ್ಕಾರ ನಡೆದದ್ದೂ ಈ ತೋಟದಲ್ಲಿಯೇ. ಗುರುತಿಗೆ ನೆಟ್ಟದ್ದು ಒಂದು ಮರ ಮಾತ್ರ.

ಮನೆಯ ಹೊರೆ ಹೊತ್ತ ಮಕ್ಕಳಿಗೆ ಉದ್ಯೋಗವನ್ನು ಬಿಡಿರೆಂದು ನಾನು ಹೇಳಲಾರೆ. ರಾಮನ್ನರು ಉದ್ಯೋಗ ಬಿಟ್ಟ ಆ ಒಂದು ದಿನವಲ್ಲ, ಅದಕ್ಕೆ ಮೊದಲಿನ ಹತ್ತು ವರ್ಷಗಳ ಬೆಳಗುಸಂಜೆಗಳೇ ದೊಡ್ಡವು ಎಂದು ಮಾತ್ರ ಹೇಳುತ್ತೇನೆ. ಹೇಳುವಾಗ, ನನ್ನ ಸಂಜೆಗಳು ಎಲ್ಲಿ ಹೋದವೆಂದು ನನ್ನನ್ನೇ ಕೇಳಿಕೊಳ್ಳುತ್ತೇನೆ.